ಜಗಳ ಹಕ್ಕಿಗಳದ್ದು, ಕೊರತೆ ಮರಗಳದ್ದು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ರಾಮ್ಸಾರ್ ತಾಣಗಳ ಪಟ್ಟಿ ಬಾಯಿಪಾಠ. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಸೇರಿ ಸಂಖ್ಯೆ ನಾಲ್ಕಕ್ಕೇರಿತು. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಇಂಥ ತಾಣಗಳಲ್ಲಿ ಗೂಡಿನ ಜಾಗಕ್ಕಾಗಿ ಹಕ್ಕಿಗಳ ನಡುವೆಯೇ ನಡೆಯುವ ಪೈಪೋಟಿ ನಮ್ಮ ಚರ್ಚೆಗೆ ಬರುವುದೇ ಇಲ್ಲ.

ರಂಗನತಿಟ್ಟಿನ ದ್ವೀಪಗಳಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕು, ನೀರುಕಾಗೆ, ಇರುಳು ಬಕ ಅಕ್ಕಪಕ್ಕದಲ್ಲೇ ಸಂಸಾರ ಹೂಡುತ್ತವೆ. ಒಟ್ಟಿಗಿದ್ದರೆ ಮೊಟ್ಟೆ, ಮರಿ ಕದಿಯುವ ಶತ್ರುಗಳ ಮೇಲೆ ಕಣ್ಣಿಡುವುದು ಸುಲಭ. ಹಾಗೆಂದು ಅಲ್ಲಿ ಜಗಳವಿಲ್ಲವೆಂದಲ್ಲ. ಪಕ್ಕದ ಗೂಡಿನ ಕಡ್ಡಿ ಕದಿಯುವುದು, ಗಟ್ಟಿ ಕವಲಿಗಾಗಿ ಕೊಕ್ಕು ಮಸೆಯುವುದು ಇಂಥ ನೆಲೆಗಳಲ್ಲಿ ಸಾಮಾನ್ಯ. ದೊಡ್ಡ ಹಕ್ಕಿ ಬಂದು ಕುಳಿತರೆ ಚಿಕ್ಕದು ಜಾಗ ಬಿಡಬೇಕಾಗುತ್ತದೆ.

ಆದರೂ ಇವು ಒಟ್ಟಿಗೆ ಬಾಳುವುದು ಹೇಗೆ? ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಮೆಕಾರ್ಥರ್ ನೆನಪಿರಬಹುದು. ಒಂದೇ ಮರದಲ್ಲಿ ಐದು ಜಾತಿಯ ವಾರ್ಬ್ಲರ್ ಹಕ್ಕಿಗಳು ಬೇರೆ ಬೇರೆ ಭಾಗದಲ್ಲಿ ಆಹಾರ ಹುಡುಕಿ ಪೈಪೋಟಿ ತಗ್ಗಿಸಿಕೊಳ್ಳುವುದನ್ನು ಅವರು ತೋರಿಸಿದರು. ನಮ್ಮ ನೀರುಹಕ್ಕಿಗಳದ್ದೂ ಇದೇ ಲೆಕ್ಕಾಚಾರ. ಬಾಯ್ಕಳಕಕ್ಕೆ ಬಸವನಹುಳು, ಬಣ್ಣದ ಕೊಕ್ಕರೆಗೆ ಆಳವಿಲ್ಲದ ನೀರಿನ ಮೀನು. ನೀರುಕಾಗೆ ಮುಳುಗಿ ಹಿಡಿದರೆ, ಇರುಳು ಬಕ ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಮರದಲ್ಲೂ ಸಾಮಾನ್ಯವಾಗಿ ದೊಡ್ಡವು ಮೇಲೆ, ಚಿಕ್ಕವು ಕೆಳಗೆ.

ಈ ಹಂಚಿಕೆ ಉಳಿಯಬೇಕಾದರೆ ಹಂಚಿಕೊಳ್ಳಲು ಮರ ಇರಬೇಕು. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ತಗ್ಗಿನ ಗೂಡುಗಳು ಮುಳುಗುತ್ತವೆ. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮೊದಲಾದ ಮರಗಳಲ್ಲಿ. ಗೂಡಿದ್ದ ಮರದ ಫಸಲು ಮಾಲೀಕರಿಗೆ ಸಿಗುವುದು ಕಷ್ಟ. ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ಪರಿಹಾರ ಸಾಲದೆಯೋ, ತಡವಾಗಿಯೋ ಒಂದು ಮರ ಉರುಳಿದರೆ ಅಲ್ಲಿದ್ದ ಹಕ್ಕಿಗಳೆಲ್ಲ ಉಳಿದ ಮರಗಳಿಗೆ ನುಗ್ಗುತ್ತವೆ. ಆಗ ನಾವು ಕಾಣುವುದು ಹಕ್ಕಿಗಳ ಜಗಳವನ್ನು. ಕಾಣದೆ ಉಳಿಯುವುದು ಬಿದ್ದ ಮರ.

ನಿರುದ್ಯೋಗದ ಚರ್ಚೆಯಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೇ? ಹುದ್ದೆ ಸಿಗದಿದ್ದಾಗ ಪಕ್ಕದ ಅಭ್ಯರ್ಥಿಯನ್ನು, ಅವನ ಜಾತಿಯನ್ನು, ಮೀಸಲಾತಿಯನ್ನು ದೂರುತ್ತೇವೆ. ಖಾಲಿ ಹುದ್ದೆಗಳನ್ನು ಏಕೆ ತುಂಬಿಲ್ಲ ಎಂದು ಒಟ್ಟಾಗಿ ಕೇಳುವುದು ಅಪರೂಪ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಹಕ್ಕಿ ಅರ್ಜಿ ಹಾಕಲಾರದು, ನಾವು ಹಾಕಬಹುದು. ಪ್ರತಿವರ್ಷ ಹಕ್ಕಿಗಳನ್ನು ಎಣಿಸುವಂತೆ ಗೂಡಿನ ಮರಗಳನ್ನೂ ಎಣಿಸಲಿ. ಮರದ ಮಾಲೀಕರಿಗೆ ಇಂದಿನ ಹುಣಸೆ ದರದಲ್ಲಿ, ಸಕಾಲಕ್ಕೆ ಹಣ ಸಿಗಲಿ. ಹುಣಸೆ ಸಸಿ ಗೂಡು ಹೊರುವಷ್ಟು ಬೆಳೆಯಲು ಹಲವು ವರ್ಷ ಬೇಕು. ಹಾಗಾಗಿ ಮುಂದಿನ ತಲೆಮಾರಿನ ಕೊಕ್ಕರೆಗೆ ಬೇಕಾದ ಮರವನ್ನು ಈ ಮಳೆಗಾಲದಲ್ಲೇ ನೆಡಬೇಕು. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಈ ಕೆಲಸಕ್ಕೆ ಮುಂದಾಗಬಾರದೇಕೆ?