ನುಗ್ಗೆಯ ಬೇರು, ದೊರೆಗಳ ವ್ಯಂಜನ

ನಮ್ಮ ನುಗ್ಗೆಮರಕ್ಕೆ ಇಂಗ್ಲಿಷಿನಲ್ಲಿ ‘ಹಾರ್ಸ್‌ರಾಡಿಷ್ ಮರ’ವೆಂಬ ಹೆಸರೂ ಉಂಟು. ಕುದುರೆ, ಮೂಲಂಗಿ, ನುಗ್ಗೆ – ಇವಕ್ಕೇನು ನಂಟೆಂದು ನಾವೂ ನಕ್ಕದ್ದುಂಟು.

ಹಾರ್ಸ್‌ರಾಡಿಷ್ ಯೂರೋಪಿನವರು ಬೆಳೆಸುವ, ಸಾಸಿವೆಯ ಕುಲಕ್ಕೆ ಸೇರಿದ ಗಿಡ. ಅದರ ಬಿಳಿಯ ಬೇರನ್ನು ತುರಿದು, ವಿನಿಗರ್ ಬೆರೆಸಿ, ಆಂಗ್ಲರು ಮಾಂಸದ ಅಡಿಗೆಗೆ ನಂಚಿಕೊಳ್ಳುತ್ತಾರೆ. ಇಡಿಯ ಬೇರಿಗೆ ಘಾಟಿಲ್ಲ, ತುರಿದೊಡನೆ ಮೂಗಿಗೇರುತ್ತದೆ. ಸಾಸಿವೆಯೂ ಹಾಗೆಯೇ: ಹಸಿಯಾಗಿ ಅರೆದರೆ ಘಾಟು, ಒಗ್ಗರಣೆಯಲ್ಲಿ ಸಿಡಿಸಿದರೆ ಸೌಮ್ಯ. ಎರಡರ ಘಾಟೂ ಒಂದೇ ಬಗೆಯದು; ಜೀವಕೋಶಗಳು ಒಡೆದಾಗ ಹುಟ್ಟುತ್ತದೆ, ಮೊದಲೇ ಕಾವು ತಗುಲಿದರೆ ಅಡಗುತ್ತದೆ.

ಭಾರತದಲ್ಲಿದ್ದ ಆಂಗ್ಲರು ಆ ಬೇರಿಗೆ ಬದಲಾಗಿ ಅದರಂತೆಯೇ ಘಾಟುಳ್ಳ ನುಗ್ಗೆಯ ಬೇರನ್ನು ತುರಿಸಿಕೊಂಡು ತಿಂದರು. ಹೆಸರು ಬಂದದ್ದು ಹೀಗೆ.

ಹೆಸರನ್ನು ನಂಬಿ ಯಾರೂ ಬೇರಿಗೆ ಕೈಹಾಕಬಾರದು. ನುಗ್ಗೆಬೇರಿನ ತೊಗಟೆಯಲ್ಲಿ ವಿಷದ ಅಂಶವಿದೆ. ಗರ್ಭಿಣಿಯರಿಗಂತೂ ಅದು ಸಲ್ಲದು. ಸೊಪ್ಪು, ಹೂ, ಕಾಯಿಗಳನ್ನು ಮರ ತಾನಾಗಿ ಕೊಡುತ್ತಿರುವಾಗ ಬುಡವನ್ನೇಕೆ ಅಗೆಯಬೇಕು?

ಘಾಟು ಬೇಕೆನಿಸಿದ ದಿನ ನಮಗೆ ಸಾಸಿವೆಯೇ ಇದೆ. ತೆಂಗಿನಕಾಯಿಯೊಡನೆ ಹಸಿಯಾಗಿ ಅರೆದು, ಮೊಸರು ಬೆರೆಸಿ, ಸೌತೆಕಾಯಿಯ ಹೋಳುಗಳಿಗೆ ಕಲಸಿ ನೋಡಿ. ಮೂಗಿಗೇರಿದರೆ ನಮ್ಮನ್ನು ನೆನೆಯಿರಿ!