ಉಪಕರಣವೋ, ಪರಿಗ್ರಹವೋ?

ದಿಗಂಬರ ಮುನಿಗಳ ಬಳಿ ಇರುವುದು ಮೂರೇ ವಸ್ತುಗಳು. ಜೀವದಯೆಗೆ ನವಿಲುಗರಿಯ ಪಿಂಛಿ, ಶುದ್ಧಿಗೆ ಕಮಂಡಲು, ಸ್ವಾಧ್ಯಾಯಕ್ಕೆ ಶಾಸ್ತ್ರ. ಇವನ್ನು ಕ್ರಮವಾಗಿ ಸಂಯಮೋಪಕರಣ, ಶೌಚೋಪಕರಣ, ಜ್ಞಾನೋಪಕರಣ ಎನ್ನುತ್ತಾರೆ. ಸರ್ವಸ್ವವನ್ನೂ ತೊರೆದವರ ಕೈಯಲ್ಲಿ ಇವು ಉಳಿದರೂ ಪರಿಗ್ರಹವೆನಿಸುವುದಿಲ್ಲ. ಏಕೆಂದರೆ ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಆ ಕೆಲಸದ ಆಚೆಗೆ ವಸ್ತುವಿನ ಮೇಲೆ ಮಮತೆಯಿಲ್ಲ. ಗರಿಗಳು ಸವೆದು ಮೃದುತ್ವ ಕಳೆದುಕೊಂಡಾಗ ಪಿಂಛಿ ಬದಲಾಗುತ್ತದೆಯೇ ಹೊರತು, ಇನ್ನೊಂದು ಹೆಚ್ಚು ಚೆಂದವಾಗಿದೆ ಎಂಬ ಕಾರಣಕ್ಕಲ್ಲ.

ಗೃಹಸ್ಥನ ಬದುಕು ಬೇರೆ. ಅವನಿಗೆ ಹೊಲ, ಮನೆ, ಕಾಳುಕಡಿ ಬೇಕು. ದುಡಿಮೆಯ ನಡುವೆ ಮನಸ್ಸನ್ನು ಅರಳಿಸುವ ಒಂದು ಹವ್ಯಾಸವೂ ಬೇಕು. ಹವ್ಯಾಸಕ್ಕೆ ಸಲಕರಣೆ ಬೇಕೆಂಬುದೂ ನಿಜ. ಆದರೆ ಸಲಕರಣೆ ಎಲ್ಲಿಯವರೆಗೆ ಉಪಕರಣ, ಎಲ್ಲಿಂದ ಮುಂದೆ ಪರಿಗ್ರಹ?

ಆಳಂದ ಸೀಮೆಯ ನಿಂಬರ್ಗಾದಂತಹ ಊರಿನ ಒಬ್ಬ ಯುವಕನನ್ನು ಊಹಿಸಬಹುದು. ಅವನಿಗೆ ಹಳೆಯ ಶಿಲ್ಪ, ಶಾಸನಗಳ ಛಾಯಾಚಿತ್ರ ತೆಗೆಯುವ ಆಸಕ್ತಿ. ಬಿಡುವಾದಾಗ ಕಾಗಿಣಾ ದಡದ ಮಳಖೇಡಕ್ಕೆ, ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ನೆಲಕ್ಕೆ ಹೋಗಿಬರುತ್ತಾನೆ. ಕತ್ತಲು ಕವಿದ ಕಲ್ಲಿನ ಮಂಟಪಗಳಲ್ಲಿ ಚಿತ್ರಗಳು ಮಸುಕಾಗುತ್ತವೆ. ಮಂದ ಬೆಳಕಿನಲ್ಲಿ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಕೈ ಅಲುಗುತ್ತದೆ. ಅವನಿಗೆ ಬೇಕಾದದ್ದು ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಒಂದು ಸ್ಟ್ಯಾಂಡು. ಆದರೆ ಅವನ ಮನಸ್ಸು ನೆಟ್ಟಿರುವುದು ಮೊಬೈಲಿನಲ್ಲಿ ಕಂಡ ಹೊಸ ಕ್ಯಾಮೆರಾ ಮತ್ತು ದುಬಾರಿ ಲೆನ್ಸಿನ ಮೇಲೆ. ಕಂತಿನ ಸಾಲ ಸಿಗುತ್ತದೆ, ತಂದೆ ತೊಗರಿ ಮಾರಿದ ಹಣ ಮುಂಗಡಕ್ಕೆ ಸಾಕಾಗುತ್ತದೆ ಎಂಬ ಲೆಕ್ಕವೂ ಸಿದ್ಧವಾಗಿದೆ. ಆ ಹಣ ಮುಂದಿನ ಬಿತ್ತನೆಗೆ ಎತ್ತಿಟ್ಟದ್ದೆಂಬುದು ಮಾತ್ರ ಲೆಕ್ಕದಲ್ಲಿಲ್ಲ.

ತಂದೆ ಸಿಟ್ಟಾಗದೆ ಒಂದೇ ಮಾತು ಕೇಳಬಹುದು: “ಇರೋದ್ರಾಗ ನಿಂದು ಯಾವ ಕೆಲಸ ನಿಂತದ ಹೇಳಪಾ.”

ಬೇಕು ಮತ್ತು ಬಯಕೆಗಳನ್ನು ಬೇರ್ಪಡಿಸಲು ಇದಕ್ಕಿಂತ ಸರಳವಾದ ಪ್ರಶ್ನೆಯಿಲ್ಲ. ಅಗತ್ಯವು ನಿಂತುಹೋದ ಕೆಲಸವನ್ನು ತೋರಿಸುತ್ತದೆ. ಬಯಕೆಯು ಬೇರೆಯವರ ಕೈಯಲ್ಲಿರುವ ವಸ್ತುವನ್ನು ತೋರಿಸುತ್ತದೆ. ಪರಿಮಿತ ಪರಿಗ್ರಹ ವ್ರತದ ದೋಷಗಳನ್ನು ಎಣಿಸುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಸಂಗ್ರಹ ಮತ್ತು ಲೋಭಗಳ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತಿಗೆ ಬೆರಗಾಗುವ ಮನಸ್ಸು ತನ್ನ ಮಿತಿಯನ್ನು ಮೀರಲು ಆಗಲೇ ಹೊರಟಿರುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತೆಯಲ್ಲಿ ಗುರುತಿಸುತ್ತದೆ. ಆದ್ದರಿಂದ ಅಗ್ಗದ ವಸ್ತುವೂ ಪರಿಗ್ರಹವಾಗಬಹುದು. ರಿಯಾಯಿತಿಯಲ್ಲಿ ಕೊಂಡು, ಪೆಟ್ಟಿಗೆಯಿಂದ ಹೊರತೆಗೆಯದ ಸಾಮಾನು ಅದಕ್ಕೆ ಸಾಕ್ಷಿ. ಉಪಭೋಗದ ವಸ್ತುಗಳನ್ನು ಅಗತ್ಯಕ್ಕಿಂತ ಹೆಚ್ಚು ಕೂಡಿಸುವುದನ್ನು ಅದೇ ಸೂತ್ರವು ಅನರ್ಥದಂಡ ವಿರತಿಯ ಅತಿಚಾರವೆಂದು ಎಣಿಸಿದೆ.

ಹಾಗೆಂದು ಹವ್ಯಾಸವನ್ನೇ ಬಿಡಬೇಕೆಂದು ಧರ್ಮ ಹೇಳುವುದಿಲ್ಲ. ಅಣುವ್ರತವೆಂದರೆ ಮಿತಿ. ಭೋಗೋಪಭೋಗ ಪರಿಮಾಣಕ್ಕೆ ಸಮಂತಭದ್ರರು ಎರಡು ದಾರಿ ತೋರಿದ್ದಾರೆ: ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯ ತ್ಯಾಗ ನಿಯಮ. ಜೀವನಪರ್ಯಂತದ ಸಂಕಲ್ಪ ಕಷ್ಟವೆನಿಸಿದವನು ಒಂದು ಚಾತುರ್ಮಾಸದ ಅವಧಿಗೆ ಹೊಸ ಸಲಕರಣೆ ಕೊಳ್ಳೆನೆಂಬ ನಿಯಮ ಹಿಡಿಯಬಹುದು. ಆ ನಾಲ್ಕು ತಿಂಗಳು ಕೈಯಲ್ಲಿರುವುದನ್ನೇ ಬಳಸಿ, ಕೆಲಸ ನಿಂತಾಗಲೆಲ್ಲ ಕಾರಣವನ್ನು ಬರೆದಿಡಬೇಕು. ಒಂದೇ ಕೊರತೆ ಮತ್ತೆ ಮತ್ತೆ ಬರಹಕ್ಕೆ ಬಂದರೆ ಅದು ಅಗತ್ಯ. ಮೊದಲ ವಾರ ಕಾಡಿ ನಂತರ ನೆನಪಿಗೂ ಬಾರದ್ದು ಬಯಕೆ. ಮನೆಯಲ್ಲಿ ಬಳಸದೆ ಬಿದ್ದಿರುವ ಸಲಕರಣೆಯನ್ನು ಕಲಿಯುವ ಮಗುವಿಗೆ ಕೊಟ್ಟರೆ, ಪರಿಗ್ರಹವಾಗಿದ್ದದ್ದು ಮತ್ತೆ ಉಪಕರಣವಾಗುತ್ತದೆ.

ಆ ಯುವಕನು ಸ್ಟ್ಯಾಂಡನ್ನು ಮಾತ್ರ ಕೊಂಡು ಮತ್ತೆ ಮಳಖೇಡಕ್ಕೆ ಹೋದನೆನ್ನೋಣ. ಕ್ಯಾಮೆರಾ ಹಳೆಯದೇ, ಆದರೆ ಅಲುಗುವುದಿಲ್ಲ. ಕತ್ತಲ ಕಂಬದ ಕೆತ್ತನೆ ಸ್ಪಷ್ಟವಾಗಿ ಮೂಡುತ್ತದೆ. ಬಿತ್ತನೆಯ ಹಣ ಮನೆಯಲ್ಲಿಯೇ ಇರುತ್ತದೆ.