ಫ್ರಿಜ್ಜಿನ ಬಾಗಲದ ಮ್ಯಾಲಿನ ವಾಗ್ದಾನದ ಚೀಟಿ

ಡಿಸೆಂಬರ್ 31ರ ರಾತ್ರಿ ಆರಾಧನಿ ಮುಗಿಯೂ ಹೊತ್ತಿಗೆ ಚರ್ಚಿನ್ಯಾಗ ಒಂದು ತಾಟು ತಿರಗತೈತಲ್ಲ, ಸುರಳಿ ಸುತ್ತಿದ ಸಣ್ಣ ಸಣ್ಣ ವಾಗ್ದಾನದ ಚೀಟಿ ತುಂಬಿದ್ದು, ಅದರ ಬಗ್ಗೆ ಬರೀಬೇಕಂತ ಭಾಳ ದಿನದಿಂದ ಮನಸ್ಸಿನ್ಯಾಗ ಇತ್ತು. ಸಣ್ಣ ಹುಡುಗ್ರಿಂದ ಹಿಡದು ಕೋಲು ಊರಿಕೊಂಡು ಬರೂ ಆಯಿಗಳ ತನಕ ಎಲ್ಲಾರೂ ಕಣ್ಣು ಮುಚ್ಚಿ ಒಂದೊಂದು ಎತ್ತತಾರ. ಓದಾಕ ಬರದವರು ಬಾಜೂದಾಕಿ ಕೈಯಾಗ ಕೊಟ್ಟು ಓದಿಸತಾರ. ಮನಿಗೆ ಬಂದ ಮ್ಯಾಲೆ ಅದು ಫ್ರಿಜ್ಜಿನ ಬಾಗಲಕ್ಕೋ, ತಿಜೋರಿ ಒಳಗೋ, ಮೊಬೈಲ್ ಕವರಿನ ಹಿಂದೋ ಹೋಗಿ ಕುಂದರತೈತಿ. ನನಗೂ ಆ ಪದ್ಧತಿ ಸೇರತೈತಿ. ಅದನ್ನ ಬಿಡಬೇಕಂತ ನಾ ಹೇಳಾಕ ಹೊಂಟಿಲ್ಲ. ಆದ್ರ ಮನಿಗೆ ತಂದ ಮ್ಯಾಲೆ ಆ ಚೀಟಿಲೆ ನಾವು ಮಾಡಿಸಿಕೊಳ್ಳೂ ಕೆಲಸ ಐತಲ್ಲ, ಅದು ನನಗ ಸರಿ ಕಾಣೂದಿಲ್ಲ.

ರಾಹುಕಾಲ ನೋಡೂದಿಲ್ಲ, ಪಂಚಾಂಗ ತಗಸೂದಿಲ್ಲ ಅಂತ ನಾವು ಹೆಮ್ಮಿಂದ ಹೇಳತೀವಿ. ಮತ್ತ ಪ್ಲಾಟ್ ತಗೊಳ್ಳೂ ಮುಂದ "ಈ ವರ್ಷ ನನ್ನ ಚೀಟ್ಯಾಗ ವಿಸ್ತಾರ ಮಾಡತೀನಿ ಅಂತ ಬಂದೈತಿ" ಅಂತೀವಿ. ಮಗಳಿಗೆ ವರ ಬಂದ್ರ ಹುಡುಗನ ನಡತಿ, ಕೆಲಸ ವಿಚಾರ ಮಾಡೂದು ಬಿಟ್ಟು ಸತ್ಯವೇದ ಮುಚ್ಚಿ, ತೆರದು, ಬಟ್ಟು ಇಟ್ಟು ನೋಡತೀವಿ. ಹೆಸರು ಬದಲಾತು, ಪಂಚಾಂಗ ಅಲ್ಲೇ ಉಳೀತು. ಇದಕ್ಕ ದೇವರ ಮ್ಯಾಲಿನ ಭರವಸೆ ಅಂತ ಹೆಸರಿಟ್ರ ನಾ ಒಪ್ಪಾಕಿ ಅಲ್ಲ.

ಇಷ್ಟ ಆಗಿದ್ರ ನಕ್ಕು ಬಿಡಬಹುದಿತ್ತು. ನಮ್ಮ ಓಣ್ಯಾಗಿನ ಒಬ್ಬಾಕಿ ತಂಗಿ (ಸಂಬಂಧದಾಕಿ ಅಲ್ಲ, ಆದ್ರ ನನಗ ಅಕ್ಕಾ ಅಂತಾಳ) ಒಂದು ವರ್ಷ 91ನೇ ಕೀರ್ತನೆಯ ಚೀಟಿ ಎತ್ತಿದ್ಲು. ಯಾವ ಕೇಡೂ ನಿನ್ನ ಮನಿ ಹತ್ರ ಬರೂದಿಲ್ಲ ಅನ್ನೂ ಅರ್ಥದ ಮಾತು. ಅಕಿ ಅದಕ್ಕ ಕಟ್ಟು ಹಾಕಿಸಿ ದೇವರ ಪಟದ ಬಾಜೂಕ ತೂಗ ಹಾಕಿದ್ಲು. ಜೂನಿನ್ಯಾಗ ಗಂಡಗ ಲಕ್ವಾ ಹೊಡೀತು. ಬಲಗೈ, ಬಲಗಾಲು ಹೋತು, ಮಾತು ತೊದಲಾಕ ಹತ್ತಿತು. ದವಾಖಾನಿ ವರಾಂಡದಾಗ ಕುಂತು ಅಕಿ ನನ್ನ ಕೇಳಿದ್ದು ಇಷ್ಟ: "ಅಕ್ಕಾ, ದೇವರು ನನಗ ಸುಳ್ಳು ಚೀಟಿ ಕೊಟ್ಟನೇನ್ರಿ?"

ಅದಕ್ಕಿಂತ ಕೆಟ್ಟದ್ದು ಮುಂದ ಆತು. ನೋಡಾಕ ಬಂದ ಇಬ್ಬರು ಮೂವರು, ಪ್ರಾರ್ಥನಿ ಮಾಡಿ ಎದ್ದು ಹೋಗೂ ಮುಂದ, ಚೀಟಿ ಸುಳ್ಳಾಗೂದಿಲ್ಲ, ನಿನ್ನ ನಂಬಿಕಿ ಎಲ್ಲೋ ಕಡಿಮಿ ಬಿದ್ದೈತಿ, ಮನ್ಯಾಗ ಏನರ ಮರೆಮಾಚಿದ ಪಾಪ ಐತೇನೋ ನೋಡಕೋ ಅಂತ ಹೇಳಿ ಹೋದ್ರು. ಗಂಡನ ಡಯಾಪರ್ ಬದಲಿ ಮಾಡಿ ಇನ್ನೂ ಕೈ ತೊಳಕೊಂಡಿರದ ಹೆಣಮಗಳಿಗೆ! ಈ ಬರಹ ಬರ್ಯಾಕ ಕಾರಣ ಆ ಮಾತು.

ಆ 91ನೇ ಕೀರ್ತನೆಯ ಬಗ್ಗೆ ಒಂದು ಸಂಗತಿ ಐತ್ರಿ. ಸುವಾರ್ತೆಯೊಳಗ ಅದನ್ನ ಬಾಯಿಪಾಠ ಹೇಳಿದಾಂವ ಯಾರು ನೆನಪೈತೇನು? ಮತ್ತಾಯ 4ನೇ ಅಧ್ಯಾಯ ತಗದು ನೋಡ್ರಿ. ಸೈತಾನ ಯೇಸುಸ್ವಾಮಿನ ದೇವಾಲಯದ ತುದಿಗೆ ಕರಕೊಂಡು ಹೋಗಿ, ಕೆಳಗ ಜಿಗಿ, ದೂತರು ಹಿಡೀತಾರ ಅಂತ ಬರದೈತಲ್ಲ ಅಂತ ಅದ ಕೀರ್ತನೆ ತೋರಸತಾನ. ವಾಕ್ಯ ತಪ್ಪಲ್ಲ, ಅಕ್ಷರ ತಪ್ಪಲ್ಲ. ಒಂದು ತುಣುಕು ಹರಕೊಂಡು ಅದರ ಮ್ಯಾಲೆ ದೇವರಿಗೆ ಪಣ ಹಚ್ಚೂದು ತಪ್ಪು. ಸ್ವಾಮಿ ಜಿಗೀಲಿಲ್ಲ. ದೇವರನ್ನ ಪರೀಕ್ಷೆ ಮಾಡಬಾರದು ಅಂತ ಹೇಳಿ ಮೆಟ್ಟಲ ಇಳದು ಬಂದಿರಬೇಕು ಅಂತ ನಾ ಕಲ್ಪನಾ ಮಾಡಕೋತೀನಿ. ಜಿಗಿಯದಿದ್ದದ್ದಕ್ಕ ಅವರಿಗೆ ನಂಬಿಕಿ ಕಡಿಮಿ ಇತ್ತು ಅಂತ ಯಾರೂ ಅಂದಿಲ್ಲ.

ಇನ್ನೊಂದು ಚೀಟಿ, ಎಲ್ಲಾರ ಮನ್ಯಾಗ ಇರೂದು, ಯೆರೆಮೀಯ 29ರ 11ನೇ ವಚನ. ನಿಮ್ಮ ಸಲುವಾಗಿ ನನ್ನ ಮನಸ್ಸಿನ್ಯಾಗ ಇರೂದು ಹಿತದ ವಿಚಾರ, ಅಹಿತದ್ದಲ್ಲ ಅಂತ ದೇವರು ಹೇಳೂ ಮಾತು. ಮಗ್ ಮ್ಯಾಲೆ, ಕ್ಯಾಲೆಂಡರ್ ಮ್ಯಾಲೆ, ಮದುವಿ ಕಾರ್ಡಿನ ಮ್ಯಾಲೆ, ಎಲ್ಲಾ ಕಡೆ ಅದ. ಅದರ ಬೆನ್ನಿಗಿರೂ 10ನೇ ವಚನ ಮಾತ್ರ ಯಾರೂ ಅಚ್ಚು ಹಾಕಸೂದಿಲ್ಲ, ಯಾಕಂದ್ರ ಅದರಾಗ ಎಪ್ಪತ್ತು ವರ್ಷ ಅಂತೈತಿ.

ಅದು ಒಂದು ಕಾಗದ. ಯೆರೂಸಲೇಮಿನಿಂದ ಸೆರಿ ಹಿಡದು ಬಾಬೆಲಿಗೆ ಒಯ್ದಿದ್ದ ಮಂದಿಗೆ ಯೆರೆಮೀಯ ಬರದು ಕಳಿಸಿದ ಕಾಗದ. ಅದರ ಹಿಂದಿನ 28ನೇ ಅಧ್ಯಾಯದಾಗ ಹನನ್ಯ ಅನ್ನಾಂವ ಒಬ್ಬ ಪ್ರವಾದಿ ಇದ್ದಾನ. ಎರಡ ವರ್ಷ ತಡೀರಿ, ಎಲ್ಲಾ ಮೊದಲಿನಂಗ ಆಗತೈತಿ ಅಂತ ಅಂವ ದೇವಾಲಯದಾಗ ಎಲ್ಲಾರ ಮುಂದ ಸಾರಿದ. ನಿಮಗ ನನಗ ಆರಸಾಕ ಬಿಟ್ಟಿದ್ರ ಯಾರನ್ನ ಆರಸತಿದ್ವಿ? ಹನನ್ಯನ್ನ. ಅಂವನ ಮಾತು ಚೀಟಿಗೆ ಹೇಳಿ ಮಾಡಿಸಿದಂಗ ಐತಿ. ಆದ್ರ ದೇವರ ಮಾತು ಯೆರೆಮೀಯನ ಬಾಯಾಗ ಇತ್ತು, ಎಪ್ಪತ್ತು ವರ್ಷದ್ದು.

ಬಾಬೆಲಿನ್ಯಾಗ ಆ ಕಾಗದ ಓದಿಸಿ ಕೇಳಿದ ನಲವತ್ತು ವರ್ಷದ ಒಬ್ಬ ಹೆಣಮಗಳನ್ನ ನೆನಸಕೋರಿ. ಎಪ್ಪತ್ತು ವರ್ಷ ಅಂದ್ರ ಅಕಿಗೆ ತೌರು ಇನ್ನ ಕಾಣೂದಿಲ್ಲ ಅಂತ ಅರ್ಥ. ಅಂಥಾಕಿಗೆ ದೇವರು ಏನು ಹೇಳಿಸಿದ? ಮನಿ ಕಟ್ಟಕೋರಿ, ತ್ವಾಟ ಮಾಡ್ರಿ, ಅದರ ಫಲ ಉಣ್ಣರಿ, ಮಕ್ಕಳ ಮದುವಿ ಮಾಡ್ರಿ, ನಿಮ್ಮನ್ನ ಸೆರಿ ಒಯ್ದ ಆ ಊರಿನ ಕ್ಷೇಮಕ್ಕೂ ಪ್ರಾರ್ಥನಿ ಮಾಡ್ರಿ ಅಂತ. ಹಿತ್ತಲದಾಗ ಪಲ್ಲೆ ಹಾಕು ಅಂತ ದೇವರು ಹೇಳೂದನ್ನ ನಾವು ಮಾರ್ಗದರ್ಶನ ಅನ್ನೂದಿಲ್ಲ, ನಮಗದು ಭಾಳ ಸಾದಾ ಅನಸತೈತಿ. ಆದ್ರ ಆ ಅಧ್ಯಾಯದಾಗ 11ನೇ ವಚನಕ್ಕ ಹೋಗೂ ದಾರಿ ಹಿತ್ತಲದಾಗಿಂದನ ಐತಿ.

ವಾಕ್ಯ ಚೀಟಿ ಎತ್ತೂದು ನಮ್ಮೊಬ್ಬರ ಪದ್ಧತಿ ಅಲ್ಲ ಅನ್ನೂದನ್ನೂ ಹೇಳತೀನಿ. ಜರ್ಮನಿಯ ಹೆರ್ನ್‌ಹುಟ್ ಅನ್ನೂ ಊರಿನ ಮೊರಾವಿಯನ್ ಸಭೆಯವರು 1728ರಿಂದ ದಿನಕ್ಕೊಂದು ವಾಕ್ಯ ಕೊಡಾಕ ಹತ್ತಿದ್ರು, 1731ರಾಗ ಮೊದಲ ಪುಸ್ತಕ ಅಚ್ಚಾತು, ಇವತ್ತಿಗೂ ವರ್ಷಾ ವರ್ಷಾ ಬರತೈತಿ. ಅದಕ್ಕೂ ಚೀಟಿ ಎತ್ತಿನ ಹಳೇ ಒಡಂಬಡಿಕೆಯ ವಾಕ್ಯ ಆರಸತಾರ. ಆದ್ರ ಅದು ಇಡೀ ಸಭೆಗೆ ಒಂದ. ಅವತ್ತ ಮದುವಿ ಇರೂ ಮನಿಯವರೂ ಅದನ್ನ ಓದತಾರ, ಅವತ್ತ ಮಣ್ಣಿಗೆ ಹೋಗೂ ಮನಿಯವರೂ ಅದನ್ನ ಓದತಾರ. ನನ್ನ ಪ್ಲಾಟಿಗೆ, ನಿನ್ನ ಪ್ರಮೋಷನ್ನಿಗೆ ಬ್ಯಾರೆ ಬ್ಯಾರೆ ಭವಿಷ್ಯ ಅಂತ ಇಲ್ಲ. ನನಗ ಈ ರೀತಿ ಭಾಳ ಹಿಡಿಸೇತಿ.

ಹಂಗಾರ ದೇವರು ನಡಸೂದು ಹೆಂಗ ಅಂತ ಕೇಳಬಹುದು. ನನಗ ಗೊತ್ತಿರೂ ಮಟ್ಟಿಗೆ, ಹಿಟ್ಟಿನ ಡಬ್ಬಿಯಂಗ. 1 ಅರಸುಗಳು 17ರಾಗ ಚಾರೆಪ್ತದ ಆ ವಿಧವಿ ಕತಿ ಎಲ್ಲಾರಿಗೂ ಗೊತ್ತು. ಬರಗಾಲ, ಒಂದು ಹಿಡಿ ಹಿಟ್ಟು, ತಳದಾಗ ಎಣ್ಣಿ, ಎರಡು ಕಟಗಿ ಆರಿಸಿ ಕಡೀ ರೊಟ್ಟಿ ಮಾಡಿ ಮಗನ ಜೋಡಿ ತಿಂದು ಸಾಯೂದು ಅಂತ ಹೊಂಟಾಕಿ. ಎಲೀಯ ಬಂದ ಮ್ಯಾಲೆ ಹಿಟ್ಟು ತೀರಲಿಲ್ಲ. ನಮ್ಮ ಮಂದಿ ಸಾಕ್ಷಿ ಹೇಳೂ ಮುಂದ ಗಡಿಗಿ ತುಂಬಿ ತುಳುಕಿತು ಅಂತ ಹೇಳಿಬಿಡತಾರ. ಹಂಗ ಬರದಿಲ್ರಿ. ತುಂಬಿತು ಅಂತಿಲ್ಲ, ತೀರಲಿಲ್ಲ ಅಂತೈತಿ. ಅಡಗಿ ಮಾಡೂ ನಮಗ ಅದರ ಫರಕು ತಿಳೀತೈತಿ. ದಿನಾ ಮುಂಜಾನೆ ಅಕಿ ಗಡಿಗ್ಯಾಗ ಕೈ ಹಾಕಿದಾಗ ಬಟ್ಟಿಗೆ ತಳಾನ ಹತ್ತಿರಬೇಕು. ಆದ್ರೂ ಅವತ್ತಿನ ರೊಟ್ಟಿ ಆತು. ಮಾರನೇ ದಿನ ಮತ್ತ ಕೈ ಹಾಕಬೇಕು. ಅಡವ್ಯಾಗ ಇಸ್ರಾಯೇಲ್ಯರಿಗೆ ಮನ್ನಾ ಕೊಟ್ಟಾಗೂ ಹಿಂಗ, ನಾಳಿಗೆ ಅಂತ ತಗದಿಟ್ಟದ್ದು ಹುಳಾ ಬಿತ್ತು (ಸಬ್ಬತ್ತಿನ ಹಿಂದಿನ ದಿನದ್ದು ಬಿಟ್ಟು). ವರ್ಷದ ಮಾರ್ಗದರ್ಶನ ಒಮ್ಮೆಲೇ ಕೊಡೂದು ದೇವರ ರೂಢಿ ಇದ್ದಂಗ ನನಗ ಕಾಣೂದಿಲ್ಲ.

ಆ ಕತಿ ಅಲ್ಲಿಗೆ ಮುಗಿಯೂದಿಲ್ಲ, ಭಾನುವಾರ ಶಾಲ್ಯಾಗ ಮಾತ್ರ ಅಲ್ಲಿಗೆ ಮುಗಸತಾರ. ಅದ ಮನ್ಯಾಗ, ಹಿಟ್ಟು ತೀರದ ಆ ಮನ್ಯಾಗ, ಹುಡುಗ ಜಡ್ಡಿಗೆ ಬಿದ್ದು ಸತ್ತ. ಆವಾಗ ಅಕಿ ಎಲೀಯಗ ಕೇಳಿದ್ದು ಏನು? ನನ್ನ ಪಾಪ ನೆನಪು ಮಾಡಿ ಮಗನ್ನ ಕೊಲ್ಲಾಕ ಬಂದೇನು ಅಂತ. ದವಾಖಾನಿ ವರಾಂಡದಾಗ ನಮ್ಮ ತಂಗಿಗೆ ಮಂದಿ ಹಚ್ಚಿದ ಮಾತು ಅದನ ಅಲ್ಲೇನು? ಹೌದವ್ವಾ, ನಿನ್ನ ಪಾಪಾನ, ನಂಬಿಕಿ ಕಡಿಮಿ ಆತು ಅಂತ ಎಲೀಯ ಅನ್ನಲಿಲ್ಲ. ಮಗನ್ನ ಇಲ್ಲೆ ಕೊಡು ಅಂದ. ಅಕಿ ಉಡಿಯಾಗಿಂದ ಹುಡುಗನ್ನ ತಗೊಂಡು ಮ್ಯಾಲಿನ ಕೋಲಿಗೆ ಹೋಗಿ, ಅಕಿ ಕೇಳಿದ ಪ್ರಶ್ನಿನ ತಾನ ದೇವರಿಗೆ ಕೇಳಿದ. ಹುಡುಗ ಬದುಕಿದ. ಎಲ್ಲಾ ಹುಡುಗ್ರೂ ಹಂಗ ಬದುಕೂದಿಲ್ಲ, ನಾವು ಮಣ್ಣು ಕೊಟ್ಟು ಬಂದೀವಿ, ಗೊತ್ತೈತಿ. ಆದ್ರ ಆ ಭಾರ ಅಕಿ ಕೈಯಿಂದ ತನ್ನ ಕೈಗೆ ತಗೊಳ್ಳೂದು ಐತಲ್ಲ, ಅಷ್ಟು ಯಾರಿಗಾದ್ರೂ ಮಾಡಾಕ ಬರತೈತಿ.

ನಮ್ಮ ಓಣ್ಯಾಗ ಅದೂ ಆತು, ಅದನ್ನ ಹೇಳದ ಹೋದ್ರ ತಪ್ಪಾಗತೈತಿ. ಅನ್ಯೋನ್ಯ ಕೂಟದ ಆರು ಮಂದಿ ಕೂಡಿ ಪಾಳಿ ಹಚ್ಚಕೊಂಡ್ರು. ಸೋಮವಾರ ಒಬ್ಬರ ಮನಿ ರೊಟ್ಟಿ, ಮಂಗಳವಾರ ಇನ್ನೊಬ್ಬರ ಮನಿ ಅನ್ನ ಸಾರು. ಬಾಜೂ ಮನಿ ಮುಸಲರ ಆಯಿ ಕೂಟದಾಕಿ ಅಲ್ಲ, ಆದ್ರ ಶುಕ್ರವಾರ ನಂದು ಅಂತ ತಾನ ಹೇಳಿ ಬರಸಿದ್ಲು. ರಿಟೈರ್ ಆದ ಒಬ್ಬ ಮಾಸ್ತರು ದಿನಾ ಸಂಜಿಕೆ ಬಂದು ಆ ಮನಷ್ಯಾಗ ಕೈ ಬಟ್ಟು ಮಡಚೂದು ಬಿಚ್ಚೂದು ಮಾಡಸತಿದ್ರು. ತಂಗಿ ಬ್ಯಾಂಕಿಗೆ ಹೋಗಿ ಎಟಿಎಂ ಬಳಸೂದು ಕಲತ್ಲು, ಅಲ್ಲಿ ತನಕ ಕಲತಿದ್ದಿಲ್ಲ. ಕೃಪೆ ಅಂದ್ರ ಕೇಡು ಬರದಂಗ ತಡಿಯೂ ಗ್ವಾಡಿ ಅಂತ ಅನಕೊಂಡ್ರ ಈ ಮನ್ಯಾಗ ಕೃಪೆ ಇಲ್ಲ. ಆರು ತಿಂಗಳು ಆ ಮನಿಗೆ ಹೋಗಿ ಬಂದಿರೂ ನನಗ ಹಂಗ ಅನ್ನಾಕ ಬಾಯಿ ಬರೂದಿಲ್ಲ. ಪೌಲನ ಶರೀರದ ಮುಳ್ಳು ಮೂರು ಸಲ ಬೇಡಿಕೊಂಡ್ರೂ ಹೋಗಲಿಲ್ಲ, ಕೃಪೆ ಸಾಕು ಅನ್ನೂ ಉತ್ತರ ಬಂತು. ಮುಳ್ಳಿನ ಜೋಡಿನ ಅಂವ ಕೆಲಸ ಮಾಡಿದ.

ಒಂದ ಒಂದು ಸಿಟ್ಟಿನ ಮಾತು. ಬಂದವರೊಳಗ ಒಬ್ಬಾಕಿ, ಬಿಪಿ ಗುಳಿಗಿ ನಿಲ್ಲಸು, ವಿಶ್ವಾಸದಿಂದ ಎಣ್ಣಿ ಹಚ್ಚು ಅಂತ ಹೇಳಿದ್ಲು. ಎಣ್ಣಿ ಹಚ್ಚರಿ, ಯಾರು ಬ್ಯಾಡಂದ್ರು? ಗುಳಿಗಿ ಮಾತ್ರ ಡಾಕ್ಟರ್ ಹೇಳದ ನಿಲ್ಲಸಬ್ಯಾಡ್ರಿ. ರಾಜ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯನ ಅಂಜೂರದ ಲೇಪ ಹಾಕಸಿದ. ಲೂಕ ವೈದ್ಯ ಇದ್ದ. ತಿಮೊಥೆಯ ಹೊಟ್ಟಿ ತ್ರಾಸಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರದ, ತ್ರೊಫಿಮನ್ನ ಜಡ್ಡಿನ್ಯಾಗನ ಮಿಲೇತದಾಗ ಬಿಟ್ಟು ಹೋದ. ಇವರ್ಯಾರಿಗೂ ನಂಬಿಕಿ ಕಡಿಮಿ ಇತ್ತು ಅಂತ ಯಾವ ಪ್ರಾರ್ಥನಾ ಕೂಟದಾಗೂ ನಾ ಕೇಳಿಲ್ಲ. ಇದನ್ನೂ ನೆನಪಿಟ್ಟಕೋರಿ: ಬಾಯಿ ಸೊಟ್ಟ ಆದ್ರ, ಒಂದು ಕೈ ಎತ್ತಾಕ ಆಗದಿದ್ರ, ಮಾತು ತೊದಲಿದ್ರ, ತಕ್ಷಣ 108ಕ್ಕ ಫೋನ್ ಮಾಡ್ರಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕ ಹೆಪ್ಪು ಕರಗಸೂ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗ ಕೊಡಬೇಕಾಗತೈತಿ, ಎಷ್ಟು ಲಗು ಆದ್ರ ಅಷ್ಟು ಚಲೋ. ಪ್ರಾರ್ಥನಿ ಗಾಡ್ಯಾಗ ಕುಂತು ಮಾಡ್ರಿ.

"ದೇವರ ಚಿತ್ತ" ಅನ್ನೂ ಮಾತೂ ಇದರ ಕೂಡಿಂದನ. ನಮ್ಮ ಮನಿಗಳೊಳಗ ಅದು ಹೆಚ್ಚಾಗಿ ಯಾರ ಬಾಯಾಗ ಬರತೈತಿ, ಯಾರ ಮ್ಯಾಲೆ ಬೀಳತೈತಿ, ನೋಡ್ರಿ. ಸೊಸಿ ನೌಕರಿ ಬಿಡೂದು ದೇವರ ಚಿತ್ತ, ಹುಡುಗಿ ಓದು ಪಿಯುಸಿಗೆ ನಿಲ್ಲೂದು ದೇವರ ಚಿತ್ತ. ಅತ್ತಿ ಚಿತ್ತ ಯಾವುದು, ದೇವರ ಚಿತ್ತ ಯಾವುದು ಅಂತ ಬಿಡಿಸಿ ನೋಡೂ ತ್ರಾಸು ಯಾರೂ ತಗೊಳ್ಳೂದಿಲ್ಲ. ಅಪೊಸ್ತಲರು ಸೈತ ಯೆರೂಸಲೇಮಿನ್ಯಾಗ ಕೂಡಿದಾಗ ಭಾಳ ಚರ್ಚೆ ಮಾಡಿ, ಎಲ್ಲಾರ ಮಾತು ಕೇಳಿ, ಆಮ್ಯಾಲೆ ಪವಿತ್ರಾತ್ಮನಿಗೂ ನಮಗೂ ಇದು ಸರಿ ಕಂಡಿತು ಅಂತ ಬರದು ಕಳಿಸಿದ್ರು. ನಿರ್ಧಾರ ಯಾರ ಮ್ಯಾಲೆ ಬೀಳತೈತೋ ಅಕಿನ್ನ ಒಂದು ಮಾತು ಕೇಳದ ದೇವರ ಚಿತ್ತ ಅಂದ್ರ, ನಾ ಅಂತೂ ನಂಬೂದಿಲ್ಲ.

ನಮ್ಮ ತಂಗಿ ಆ ಕಟ್ಟು ಹಾಕಿಸಿದ ಚೀಟಿ ತಗದಿಲ್ಲ. ತಗೀ ಅಂತ ನಾನೂ ಹೇಳಿಲ್ಲ. ಈಗ ಅದರ ಬಾಜೂಕ ಫಿಸಿಯೋಥೆರಪಿ ಹಾಳಿ ತೂಗ ಹಾಕ್ಯಾಳ, ಯಾವ ದಿನ ಎಷ್ಟು ಸಲ ಕೈ ಎತ್ತಿದ್ರು ಅಂತ ಪೆನ್ನಿನ್ಯಾಗ ಗುರುತು ಹಾಕತಾಳ. ಹ್ವಾದ ವಾರ ಅವರು ಬಲಗೈಲೆ ಚಮಚಾ ಹಿಡದ್ರಂತ. ಅರ್ಧ ಉಪ್ಪಿಟ್ಟು ಅಂಗಿ ಮ್ಯಾಲೆ ಬಿತ್ತಂತ. ಫೋನ್ ಮಾಡಿ ನಕ್ಕೊಂತ ಹೇಳಿದ್ಲು.

ಬರೂ ಬುಧವಾರದ ಕೂಟ ಅಕಿ ಮನ್ಯಾಗನ ಇಟ್ಟೀವಿ. ಯೆರೆಮೀಯ 29 ಪೂರ್ತಿ ಓದೂದು, 32 ವಚನ ಅದಾವ, ಒಬ್ಬೊಬ್ಬರು ನಾಲ್ಕು ನಾಲ್ಕು ಓದಿದ್ರೂ ಎಂಟು ಮಂದಿ ಬೇಕು. ಬರೂ ಮುಂದ ಕನ್ನಡಕ ಮರೀಬ್ಯಾಡ್ರಿ.